ಕರೆಂಟ್ ದರಕ್ಕೂ ಒಂದು ಹಂಗಾಮು ಇದೆ: ಗಿರಣಿಯವರು ಆಕ್ಷೇಪಣೆ ಯಾವಾಗ, ಹೇಗೆ ಸಲ್ಲಿಸಬೇಕು

"ಇಷ್ಟು ಏರಿಸುವಾಗ ನಮ್ಮನ್ನು ಯಾರು ಕೇಳಿದರು, ಮೇಡಂ?" ಹೊಸ ದರದ ಮೊದಲ ಬಿಲ್ಲು ಬಂದ ವಾರ ಈ ಮಾತು ನನಗೆ ತಪ್ಪದೆ ಕೇಳಿಸುತ್ತದೆ. ರಾಯಚೂರಿನ ಕೆಲವು ಹತ್ತಿ ಹಿಂಜುವ ಜಿನ್ನಿಂಗ್ ಮಿಲ್ಲುಗಳಿಗೂ ಮಾನ್ವಿ, ಸಿಂಧನೂರು ಕಡೆಯ ಅಕ್ಕಿ ಗಿರಣಿಗಳಿಗೂ ಲೆಕ್ಕಪತ್ರ ಬರೆಯುವುದು ನನ್ನ ಕೆಲಸ. ಸಂಬಳದ ಖರ್ಚಿನ ಪಕ್ಕದಲ್ಲೇ ಕರೆಂಟಿನ ಖರ್ಚು ಬರೆಯುವವಳಾದ್ದರಿಂದ ಸಾಹುಕಾರರ ಸಿಟ್ಟು ಎಷ್ಟು ನಿಜವೆಂದು ನನಗೆ ಗೊತ್ತು. ಆದರೂ ಉತ್ತರ ಹೇಳಲೇಬೇಕು: ನಿಮ್ಮನ್ನು ಕೇಳಿದ್ದರು. ಚಳಿಗಾಲದಲ್ಲಿ ಪತ್ರಿಕೆಯ ಒಳಪುಟವೊಂದರಲ್ಲಿ ಸಣ್ಣ ಅಕ್ಷರದ ಪ್ರಕಟಣೆ ಹಾಕಿ, ಇಂಥ ದಿನದೊಳಗೆ ಆಕ್ಷೇಪಣೆ ಸಲ್ಲಿಸಿ ಎಂದು ಕೇಳಿದ್ದರು. ಆಗ ತುಂಗಭದ್ರಾ ಎಡದಂಡೆ ಕಾಲುವೆಯ ಊರುಗಳಲ್ಲಿ ಭತ್ತದ ಸುಗ್ಗಿ. ರಾಯಚೂರಿನ ಮಾರುಕಟ್ಟೆಗೆ ಹತ್ತಿಯ ಬಂಡಿ, ಟ್ರ್ಯಾಕ್ಟರುಗಳು ಸಾಲುಗಟ್ಟುವುದೂ ಆಗಲೇ. ಗಿರಣಿ ರಾತ್ರಿಯೂ ಓಡುತ್ತಿರುವ ಆ ದಿನಗಳಲ್ಲಿ ಪತ್ರಿಕೆಯ ಒಳಪುಟ ಓದುವ ಪುರುಸೊತ್ತು ಯಾರಿಗಿರುತ್ತದೆ?

ನಮ್ಮ ಭಾಗದ ತೊಂದರೆಯ ಬೇರು ಇಲ್ಲಿದೆ. ದರ ನಿಗದಿಯ ಹಂಗಾಮೂ ನಮ್ಮ ದುಡಿಮೆಯ ಹಂಗಾಮೂ ಒಂದೇ ಕಾಲಕ್ಕೆ ಬರುತ್ತವೆ. ದೊಡ್ಡ ಕಾರ್ಖಾನೆಗಳಿಗೆ ಇದನ್ನು ನೋಡಿಕೊಳ್ಳಲು ವಕೀಲರಿದ್ದಾರೆ, ಎಂಜಿನಿಯರುಗಳಿದ್ದಾರೆ. ಒಂದು ಹಲ್ಲರ್, ನಾಲ್ಕು ಮೋಟಾರು ಇಟ್ಟುಕೊಂಡವರಿಗೆ ಯಾರೂ ಇಲ್ಲ. ಅಂಥವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ತಾರೀಖುಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುತ್ತಾ ಓದಿ.

ನವೆಂಬರ್ 30ರಿಂದ ಏಪ್ರಿಲ್ 1ರವರೆಗೆ

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳಿಗೆ ವಿದ್ಯುತ್ ಹಂಚುವ ಕಂಪನಿ ಜೆಸ್ಕಾಂ. ಅದರ ಕೇಂದ್ರ ಕಚೇರಿ ಕಲಬುರಗಿಯಲ್ಲಿದೆ. ಆದರೆ ದರ ನಿಗದಿ ಮಾಡುವ ಅಧಿಕಾರ ಜೆಸ್ಕಾಂಗೆ ಇಲ್ಲ, ಇಂಧನ ಸಚಿವರಿಗೂ ಇಲ್ಲ. ಅದು ಬೆಂಗಳೂರಿನಲ್ಲಿರುವ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ್ದು. 1999ರಿಂದ ಕೆಲಸ ಮಾಡುತ್ತಿರುವ ಈ ಆಯೋಗದ ಮುಂದೆ ಜೆಸ್ಕಾಂ ಕೂಡ ನಮ್ಮಂತೆಯೇ ಅರ್ಜಿದಾರ. ಸರ್ಕಾರ ಯಾವುದಾದರೂ ವರ್ಗಕ್ಕೆ ರಿಯಾಯಿತಿ ಕೊಡಬೇಕೆಂದರೆ ಆ ಹಣವನ್ನು ಮುಂಗಡವಾಗಿ ತುಂಬಿಕೊಡಬೇಕು ಎಂದು 2003ರ ವಿದ್ಯುಚ್ಛಕ್ತಿ ಕಾಯ್ದೆಯ ಕಲಂ 65 ಹೇಳುತ್ತದೆ. 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ ಸಿಗುವುದು ಸರ್ಕಾರದ ಸಹಾಯಧನದಿಂದ. ಹಾಗಾಗಿ ಶಾಸಕರಿಗೆ ಮನವಿ ಕೊಟ್ಟು ಬಂದರೆ ದರ ಇಳಿಯುತ್ತದೆ ಎಂಬ ನಂಬಿಕೆಯನ್ನು ಮೊದಲು ಬಿಡಬೇಕು. ಮನವಿ ಕೊಡಬಾರದು ಎನ್ನುತ್ತಿಲ್ಲ. ಅದರಿಂದ ಸಹಾಯಧನ ಸಿಕ್ಕೀತು, ದರ ಬದಲಾಗದು.

ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಶುರು. ಅದಕ್ಕೆ 120 ದಿನ ಮೊದಲು, ಅಂದರೆ ನವೆಂಬರ್ 30ರೊಳಗೆ, ವಿದ್ಯುತ್ ಕಂಪನಿಗಳು ಮುಂದಿನ ವರ್ಷಕ್ಕೆ ತಮಗೆ ಬೇಕಾದ ಆದಾಯದ ಲೆಕ್ಕವನ್ನೂ ಬೇಕಾದ ದರವನ್ನೂ ಆಯೋಗಕ್ಕೆ ಸಲ್ಲಿಸುತ್ತವೆ. ಈ 120ರ ಸಂಖ್ಯೆ ಕಾಯ್ದೆಯಲ್ಲೂ ಇದೆ. ಕಲಂ 64ರ ಪ್ರಕಾರ ಆಯೋಗವು ಅರ್ಜಿ ಬಂದ 120 ದಿನದೊಳಗೆ ಸಾರ್ವಜನಿಕರ ಸಲಹೆ, ಆಕ್ಷೇಪಣೆಗಳನ್ನು ಪರಿಗಣಿಸಿ ಆದೇಶ ಹೊರಡಿಸಬೇಕು, ಇಲ್ಲವೇ ಕಾರಣ ಬರೆದು ಅರ್ಜಿಯನ್ನು ತಿರಸ್ಕರಿಸಬೇಕು. ನವೆಂಬರ್ 30ರಿಂದ 120 ದಿನ ಎಣಿಸಿ ನೋಡಿ, ಮಾರ್ಚ್ 30ಕ್ಕೆ ಬಂದು ನಿಲ್ಲುತ್ತೀರಿ. ಹೊಸ ವರ್ಷ ಹುಟ್ಟುವ ಮುನ್ನಾ ದಿನಗಳಲ್ಲಿ ಆದೇಶ ಬರುವುದು ಆಕಸ್ಮಿಕವಲ್ಲ, ಲೆಕ್ಕವೇ ಹಾಗಿದೆ.

ಈ ನಾಲ್ಕು ತಿಂಗಳೂ ನಿಮ್ಮವಲ್ಲ. ಮೊದಲು ಆಯೋಗದ ಸಿಬ್ಬಂದಿ ಅರ್ಜಿಯಲ್ಲಿನ ಕೊರತೆಗಳನ್ನು ಪಟ್ಟಿ ಮಾಡಿ ಕಂಪನಿಗೆ ಕಳಿಸುತ್ತಾರೆ. ಉತ್ತರ ಬಂದ ಮೇಲೆ ಅರ್ಜಿ ಅಂಗೀಕಾರವಾಗುತ್ತದೆ. ಆಮೇಲೆ ಕಂಪನಿ ಅರ್ಜಿಯ ಸಾರಾಂಶವನ್ನು ಪತ್ರಿಕೆಗಳಲ್ಲಿ ಪ್ರಕಟಿಸುತ್ತದೆ. ಆಕ್ಷೇಪಣೆಗೆ ಸಾಮಾನ್ಯವಾಗಿ ಸಿಗುವುದು ಪ್ರಕಟಣೆಯಿಂದ 30 ದಿನ. ಕೊನೆಯ ದಿನ ಯಾವುದೆಂದು ಪ್ರಕಟಣೆಯಲ್ಲೇ ಇರುತ್ತದೆ, ಅದನ್ನೇ ನಂಬಿ. ಆ ಬಳಿಕ ಸಾರ್ವಜನಿಕ ವಿಚಾರಣೆ, ಅದಾದ ಮೇಲೆ ಆಯೋಗ ಕುಳಿತು ಲೆಕ್ಕ ಬಗೆಹರಿಸುವ ಕಾಲ. ಒಟ್ಟಿನಲ್ಲಿ ನಿಮ್ಮ ಮಾತಿಗೆ ಬಾಗಿಲು ತೆರೆದಿರುವುದು ಡಿಸೆಂಬರ್ ನಡುವಿನಿಂದ ಫೆಬ್ರವರಿವರೆಗೆ ಎಂದು ಇಟ್ಟುಕೊಳ್ಳಿ.

ಪತ್ರಿಕೆಯನ್ನು ಕಾದು ಕೂರುವ ಅಗತ್ಯವೂ ಇಲ್ಲ. ಡಿಸೆಂಬರ್ ಮೊದಲ ವಾರದಿಂದ ಪ್ರತಿ ಸೋಮವಾರ ಆಯೋಗದ ಜಾಲತಾಣವನ್ನೂ ಜೆಸ್ಕಾಂ ಜಾಲತಾಣವನ್ನೂ ತೆರೆದು ನೋಡುವ ಕೆಲಸವನ್ನು ಗಿರಣಿಯ ಗುಮಾಸ್ತರಿಗೆ ವಹಿಸಿ. ಪೂರ್ಣ ಅರ್ಜಿ ಅಲ್ಲೇ ಸಿಗುತ್ತದೆ. ನೂರಾರು ಪುಟ ಇರುತ್ತದೆ. ಹೆದರಬೇಡಿ, ಓದಬೇಕಾದ ಪುಟಗಳು ಕೆಲವೇ. ಮುಂದೆ ಹೇಳುತ್ತೇನೆ.

ತಡವಾದ ವರ್ಷಗಳು

ಮೇಲಿನದು ಎಲ್ಲವೂ ಸುಸೂತ್ರವಾದ ವರ್ಷದ ಲೆಕ್ಕ. ನಿಜವಾಗಿ ಏನಾಗಿದೆ ನೋಡಿ. 2019ರ ಆದೇಶ ಬಂದದ್ದು ಮೇ 30ಕ್ಕೆ. 2020ರದ್ದು ಕೋವಿಡ್ ಕಾರಣದಿಂದ ನವೆಂಬರ್ 4ರವರೆಗೆ ಮುಂದೆ ಹೋಯಿತು. 2021ರಲ್ಲಿ ಜೂನ್ 9, 2022ರಲ್ಲಿ ಏಪ್ರಿಲ್ 4. 2023ರಲ್ಲಿ ವಿಧಾನಸಭೆ ಚುನಾವಣೆಯ ಮತದಾನ ಮೇ 10ಕ್ಕೆ ನಡೆಯಿತು, ಆದೇಶ ಮೇ 12ಕ್ಕೆ ಹೊರಬಿತ್ತು. 2024ರಲ್ಲಿ ಲೋಕಸಭೆ ಚುನಾವಣೆಗೆ ಮೊದಲೇ, ಫೆಬ್ರವರಿ 28ಕ್ಕೆ ಬಂದಿತು. 2025ರಲ್ಲಿ ಮಾರ್ಚ್ 27.

2023ರ ಕತೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ತಡವಾದ ಆದೇಶ ಸಣ್ಣ ಉದ್ಯಮದ ಮೇಲೆ ಹೇಗೆ ಬೀಳುತ್ತದೆ ಎಂಬುದು ಅಲ್ಲಿ ಸ್ಪಷ್ಟವಾಗಿ ಕಂಡಿತು. ಆದೇಶ ಮೇ ತಿಂಗಳಲ್ಲಿ ಬಂದರೂ ಜಾರಿ ಏಪ್ರಿಲ್ 1ರಿಂದ. ಯೂನಿಟ್‌ಗೆ ಸರಾಸರಿ 70 ಪೈಸೆ ಏರಿಕೆ. ಹಿಂದಿನ ತಿಂಗಳ ವ್ಯತ್ಯಾಸವೂ ಸೇರಿ ಜೂನ್‌ನಲ್ಲಿ ಬಂದ ಬಿಲ್ಲು ಕಂಡು ರಾಜ್ಯದುದ್ದಕ್ಕೂ ಗಲಾಟೆಯಾಯಿತು. ಜೂನ್ 22ರಂದು ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆಯ ಕರೆಗೆ ಓಗೊಟ್ಟು ಉದ್ಯಮಗಳು ಬಂದ್ ಆಚರಿಸಿದವು. ಆ ಸಿಟ್ಟು ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ. ಆದರೆ ಬಂದ್ ನಡೆದ ದಿನಕ್ಕೆ ಆಕ್ಷೇಪಣೆಯ ಗಡುವು, ವಿಚಾರಣೆ, ಆದೇಶ ಎಲ್ಲವೂ ಮುಗಿದುಹೋಗಿದ್ದವು.

ಇಂಥ ವರ್ಷಗಳಿಗೆ ಮಾಡಿಕೊಳ್ಳಬೇಕಾದ ಏರ್ಪಾಡು ಸರಳ. ಮಾರ್ಚ್ 31ರೊಳಗೆ ಆದೇಶ ಬರದಿದ್ದರೆ ಏಪ್ರಿಲ್ ಬಿಲ್ಲು ಹಳೆಯ ದರದಲ್ಲಿ ಬಂತೆಂದು ನೆಮ್ಮದಿಯಾಗಬೇಡಿ. ಅರ್ಜಿಯಲ್ಲಿ ಕಂಪನಿ ಎಷ್ಟು ಏರಿಕೆ ಕೇಳಿದೆಯೋ ಅದರಲ್ಲಿ ಒಂದು ಪಾಲನ್ನು ತಿಂಗಳ ಲೆಕ್ಕದಲ್ಲಿ ಬಾಕಿ ಎಂದು ಬರೆದಿಡಿ. ಕೂಲಿ ಅರೆಯುವಿಕೆಗೆ ಕ್ವಿಂಟಲ್‌ಗೆ ಇಷ್ಟು ಎಂದು ದರ ಹೇಳುವವರು ಇದನ್ನು ಮರೆತರೆ, ಅಕ್ಕಿ ಒಯ್ದವರು ಒಯ್ದ ಮೇಲೆ ವ್ಯತ್ಯಾಸವನ್ನು ಕೈಯಿಂದ ಕಟ್ಟಬೇಕಾಗುತ್ತದೆ. ಕಂಪನಿಯೇ ಅರ್ಜಿ ಸಲ್ಲಿಸಲು ತಡಮಾಡಿದರೆ ಆಯೋಗ ಕೈಕಟ್ಟಿ ಕೂರಬೇಕಿಲ್ಲ. ಒಂದು ತಿಂಗಳಿಗಿಂತ ಹೆಚ್ಚು ತಡವಾದರೆ ಸ್ವಪ್ರೇರಣೆಯಿಂದ ದರ ನಿಗದಿ ಪ್ರಕ್ರಿಯೆ ಆರಂಭಿಸಬೇಕು ಎಂದು ವಿದ್ಯುಚ್ಛಕ್ತಿ ಮೇಲ್ಮನವಿ ನ್ಯಾಯಮಂಡಳಿ 2011ರ ನವೆಂಬರ್ 11ರಂದು ಎಲ್ಲ ರಾಜ್ಯಗಳ ಆಯೋಗಗಳಿಗೆ ನಿರ್ದೇಶನ ಕೊಟ್ಟಿದೆ. ಅಗತ್ಯ ಬಿದ್ದರೆ ನಿಮ್ಮ ಪತ್ರದಲ್ಲಿ ಇದನ್ನು ಉಲ್ಲೇಖಿಸಿ.

ವರ್ಷಕ್ಕೊಮ್ಮೆ ಎಂದರೆ ಏನು

ಕಾನೂನಿನಲ್ಲಿ ಅವಧಿಗಳನ್ನು ಬರೆಯುವ ರೀತಿ ಬೇರೆ ಬೇರೆ. ಅದನ್ನು ಗಮನಿಸದಿದ್ದರೆ ಇಲ್ಲದ ಹಕ್ಕನ್ನು ಕೇಳುತ್ತಾ ಹೋಗುತ್ತೇವೆ. ವಿದ್ಯುಚ್ಛಕ್ತಿ ಕಾಯ್ದೆಯ ಕಲಂ 62(4) ಹೇಳುವುದು, ಒಂದು ಹಣಕಾಸು ವರ್ಷದಲ್ಲಿ ದರವನ್ನು ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಸಲ ತಿದ್ದುವಂತಿಲ್ಲ ಎಂದು. ಅದು ಏರಿಕೆಗೆ ಹಾಕಿದ ಬೇಲಿ. ಪ್ರತಿ ವರ್ಷ ತಿದ್ದಲೇಬೇಕು ಎಂಬ ಅರ್ಥ ಅದಕ್ಕಿಲ್ಲ. ಸಂಡೂರಿನ ಅದಿರಿನ ಮೇಲಿನ ರಾಜಧನಕ್ಕೂ ಇಂಥದ್ದೇ ಬೇಲಿ ಇದೆ: ಗಣಿ ಮತ್ತು ಖನಿಜ ಕಾಯ್ದೆಯ ಕಲಂ 9ರ ಪ್ರಕಾರ ಯಾವುದೇ 3 ವರ್ಷದ ಅವಧಿಯಲ್ಲಿ ಒಂದಕ್ಕಿಂತ ಹೆಚ್ಚು ಸಲ ರಾಜಧನ ಏರಿಸುವಂತಿಲ್ಲ. 3 ವರ್ಷಕ್ಕೊಮ್ಮೆ ಏರಿಸಬೇಕೆಂದಿಲ್ಲ. ಕಬ್ಬಿಣದ ಅದಿರಿಗೆ 2014ರ ಸೆಪ್ಟೆಂಬರ್‌ನಲ್ಲಿ ಶೇ 15 ಎಂದು ನಿಗದಿಯಾದದ್ದು ಅನೇಕ ವರ್ಷ ಹಾಗೆಯೇ ಮುಂದುವರಿಯಿತು.

ಕನಿಷ್ಠ ವೇತನದ ವಿಷಯ ಇದಕ್ಕೆ ತಿರುವುಮುರುವು. 1948ರ ಕಾಯ್ದೆ 5 ವರ್ಷ ಮೀರದ ಅಂತರದಲ್ಲಿ ವೇತನವನ್ನು ಪರಿಶೀಲಿಸಬೇಕು ಎಂದಿತ್ತು. ಈಗಿನ ವೇತನ ಸಂಹಿತೆಯಲ್ಲೂ ಆ 5 ವರ್ಷ ಉಳಿದಿದೆ. ಅಲ್ಲಿ ಸರ್ಕಾರ ಸುಮ್ಮನೆ ಕುಳಿತರೆ ಬಳ್ಳಾರಿಯ ಜೀನ್ಸ್ ಘಟಕದ ಹೊಲಿಗೆ ಕಾರ್ಮಿಕರು ಅವಧಿ ಮೀರಿತೆಂದು ಪ್ರಶ್ನಿಸಬಹುದು. ಆದ್ದರಿಂದ ಯಾವ ಉದ್ಯಮದ ನಿಯಮವೇ ಆಗಲಿ, ಅದರಲ್ಲಿರುವ ಅವಧಿ "ಇದಕ್ಕಿಂತ ಬೇಗ ಬೇಡ" ಎನ್ನುತ್ತಿದೆಯೋ, "ಇದಕ್ಕಿಂತ ತಡ ಬೇಡ" ಎನ್ನುತ್ತಿದೆಯೋ ಎಂದು ಮೊದಲು ನೋಡಿ. ನಿಮ್ಮ ಅರ್ಜಿಯ ಧಾಟಿ ಅದರ ಮೇಲೆ ನಿಂತಿದೆ.

ವರ್ಷಕ್ಕೊಮ್ಮೆ ಎಂಬ ಬೇಲಿಗೆ ಒಂದು ಕಿಂಡಿ ಇದೆ, ಇಂಧನದ ವೆಚ್ಚ. ಕಲ್ಲಿದ್ದಲಿನ ಬೆಲೆ, ಹೊರಗಿನಿಂದ ಕೊಳ್ಳುವ ವಿದ್ಯುತ್ತಿನ ಬೆಲೆ ಅಂದಾಜಿಗಿಂತ ಹೆಚ್ಚು ಕಡಿಮೆಯಾದರೆ ಆ ವ್ಯತ್ಯಾಸ ಬಿಲ್ಲಿಗೆ ಬರುತ್ತದೆ. ಮೊದಲು ನಮ್ಮಲ್ಲಿ ಇದನ್ನು 3 ತಿಂಗಳಿಗೊಮ್ಮೆ ನೋಡುತ್ತಿದ್ದರು. ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ತಂದ ತಿದ್ದುಪಡಿಯ ನಂತರ ಪ್ರತಿ ತಿಂಗಳೂ ಲೆಕ್ಕ. ಆ ನಿಯಮದಂತೆ ಏಪ್ರಿಲ್‌ನ ವ್ಯತ್ಯಾಸ ಜೂನ್ ಬಿಲ್ಲಿನಲ್ಲಿ ಕಾಣಿಸುತ್ತದೆ. ಈ ಸಾಲಿಗೆ ತಿಂಗಳು ತಿಂಗಳು ಆಕ್ಷೇಪಣೆ ಸಲ್ಲಿಸುವ ಅವಕಾಶವಿಲ್ಲ. ವರ್ಷದ ಕೊನೆಯ ತಾಳೆ ನೋಡುವಾಗ ಮಾತ್ರ ಕೇಳಬಹುದು. ಅದಕ್ಕಾಗಿ 12 ತಿಂಗಳ ಬಿಲ್ಲಿನಿಂದ ಆ ಒಂದು ಸಾಲನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಆಕ್ಷೇಪಣೆ ಬರೆಯುವುದು

ನನ್ನ ಶ್ರಮ ಹೆಚ್ಚು ಹೋಗುವುದು ಇಲ್ಲಿ. ಗಿರಣಿಯವರು ಬರೆದು ತರುವ ಮೊದಲ ಕರಡಿನಲ್ಲಿ "ದರ ಏರಿಸಬಾರದು, ಸಣ್ಣ ಉದ್ಯಮ ಮುಚ್ಚಿಹೋಗುತ್ತದೆ" ಎಂದು ಇರುತ್ತದೆ. ಅದು ಸತ್ಯವೇ ಇರಬಹುದು, ಆದರೆ ಆಯೋಗಕ್ಕೆ ಅದರಿಂದ ಮಾಡಲು ಏನೂ ಇಲ್ಲ. ಆಯೋಗ ನೋಡುವುದು ಕಂಪನಿ ಕೇಳಿದ ಖರ್ಚಿನಲ್ಲಿ ಯಾವುದು ನ್ಯಾಯ, ಯಾವುದು ಅತಿ ಎಂದು. ನೀವೂ ಅಲ್ಲಿಯೇ ಕೈ ಇಡಬೇಕು.

ಅರ್ಜಿ ತೆರೆದು ಮೊದಲು ಮಾರಾಟದ ಅಂದಾಜಿನ ಪುಟಕ್ಕೆ ಹೋಗಿ. ನಿಮ್ಮ ವರ್ಗದವರು ಮುಂದಿನ ವರ್ಷ ಎಷ್ಟು ಯೂನಿಟ್ ಬಳಸುತ್ತಾರೆ ಎಂದು ಹಾಕಿದ್ದಾರೆ ನೋಡಿ. ಮಾರಾಟವನ್ನು ಕಡಿಮೆ ಅಂದಾಜು ಮಾಡಿದರೆ ಯೂನಿಟ್‌ನ ದರ ಹೆಚ್ಚು ತೋರುತ್ತದೆ. ಆಮೇಲೆ ವಿದ್ಯುತ್ ಖರೀದಿ ವೆಚ್ಚ. ಎಲ್ಲಕ್ಕಿಂತ ದೊಡ್ಡ ಮೊತ್ತ ಅದೇ. ನಮ್ಮ ಶಕ್ತಿನಗರದ ಸ್ಥಾವರ, ಯರಮರಸ್, ಕುಡತಿನಿಯ ಬಳ್ಳಾರಿ ಸ್ಥಾವರ ಇವೆಲ್ಲ ಆ ಪಟ್ಟಿಯಲ್ಲಿ ಸಾಲಾಗಿ ಕಾಣುತ್ತವೆ. ನಮ್ಮ ಜಿಲ್ಲೆಗಳ ಹೊಗೆ, ಬೂದಿಯ ನಡುವೆ ಹುಟ್ಟುವ ವಿದ್ಯುತ್ ಎಷ್ಟು ಬೆಲೆಗೆ ಹೋಗುತ್ತಿದೆ ಎಂಬುದನ್ನು ಇಲ್ಲಿನ ಜನ ಒಮ್ಮೆಯಾದರೂ ಓದಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಮೂರನೆಯದು ವಿತರಣಾ ನಷ್ಟ, ಅಂದರೆ ಬಿಲ್ಲಾಗುವ ಮೊದಲೇ ದಾರಿಯಲ್ಲಿ ಸೋರಿಹೋಗುವ ವಿದ್ಯುತ್. ಆಯೋಗ ಹಿಂದಿನ ಆದೇಶದಲ್ಲಿ ಎಷ್ಟಕ್ಕೆ ಇಳಿಸಬೇಕು ಎಂದು ಹೇಳಿತ್ತು, ಕಂಪನಿ ಎಷ್ಟಕ್ಕೆ ಇಳಿಸಿದೆ, ಎರಡನ್ನೂ ಎದುರುಬದುರು ಬರೆಯಿರಿ. ಗುರಿ ತಪ್ಪಿದ ನಷ್ಟದ ಹೊರೆಯನ್ನು ಗ್ರಾಹಕರ ಮೇಲೆ ಹಾಕಬಾರದು ಎಂದು ಕೇಳುವುದಕ್ಕೆ ಆ ಎರಡು ಸಂಖ್ಯೆ ಸಾಕು. ಪಂಪ್‌ಸೆಟ್ಟುಗಳ ಬಳಕೆಯನ್ನು ಮೀಟರ್ ಇಲ್ಲದೆ ಅಂದಾಜಿನಲ್ಲಿ ತೋರಿಸುವುದು, ಸ್ಥಳೀಯ ಸಂಸ್ಥೆಗಳ ಹಳೆಯ ಬಾಕಿ, ಇವನ್ನೂ ಅಲ್ಲಿಯೇ ಹುಡುಕಬಹುದು.

ಇನ್ನು ನಿಮ್ಮ ಕಡೆಯ ಲೆಕ್ಕ. 12 ತಿಂಗಳ ಬಿಲ್ಲುಗಳು, ಪ್ರತಿ ತಿಂಗಳು ಅರೆದ ಭತ್ತದ ಕ್ವಿಂಟಲ್ ಅಥವಾ ಹಿಂಜಿದ ಹತ್ತಿಯ ಬೇಲ್, ಅದರಿಂದ ಕ್ವಿಂಟಲ್‌ಗೆ ಬಿದ್ದ ಕರೆಂಟಿನ ಖರ್ಚು. ನಿಗದಿತ ಶುಲ್ಕವನ್ನೂ ಯೂನಿಟ್‌ನ ಶುಲ್ಕವನ್ನೂ ಬೇರೆ ಬೇರೆ ಕಾಲಂನಲ್ಲಿ ಹಾಕಿ. ಇದನ್ನು ಮಾಡಿದ ಕೂಡಲೇ ಹಂಗಾಮಿನಲ್ಲಷ್ಟೇ ಓಡುವ ಉದ್ಯಮದ ನೋವು ಕಣ್ಣಿಗೆ ಕಾಣುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಇಲ್ಲಿನ ಗಿರಣಿಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಎರಡನೇ ಬೆಳೆಗೆ ನೀರು ಉಳಿಯುತ್ತದೆಯೇ? ಬೆಳೆ ಇಲ್ಲದಿದ್ದರೆ ಮೋಟಾರು ನಿಲ್ಲುತ್ತದೆ, ಯೂನಿಟ್ ಓಡುವುದಿಲ್ಲ, ನಿಗದಿತ ಶುಲ್ಕ ಮಾತ್ರ ಪ್ರತಿ ತಿಂಗಳೂ ಬರುತ್ತದೆ. ಆದ್ದರಿಂದ ನಿಗದಿತ ಶುಲ್ಕವನ್ನು ಏರಿಸಿ ಯೂನಿಟ್ ದರವನ್ನು ಇಳಿಸುವ ಪ್ರಸ್ತಾವನೆ ವರ್ಷವಿಡೀ ಓಡುವ ಕಾರ್ಖಾನೆಗೆ ಲಾಭವಾದರೂ ನಮ್ಮ ಗಿರಣಿಗೆ ನಷ್ಟ. ಇದನ್ನು ಸಂಖ್ಯೆಯಲ್ಲಿ ತೋರಿಸಿದ ಒಂದು ಪುಟ, ಗೋಳು ಹೇಳಿಕೊಂಡ ಹತ್ತು ಪುಟಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಇಂಥ ಹಂಗಾಮಿನ ಉದ್ಯಮಗಳಿಗೆ ದರಪಟ್ಟಿಯ ಷರತ್ತುಗಳಲ್ಲಿ ಸವಲತ್ತು ಇದೆ. ಅದು ಬೇಕಾದವರು ಮುಂಚಿತವಾಗಿ ಬರೆದು ಕೊಡಬೇಕು. ನಿಮ್ಮ ವಿಭಾಗೀಯ ಕಚೇರಿಯಲ್ಲಿ ವಿಚಾರಿಸಿ, ಪತ್ರದ ಸ್ವೀಕೃತಿ ತಪ್ಪದೆ ಪಡೆಯಿರಿ.

ವಿದ್ಯುತ್ ಕಡಿತದ ದಾಖಲೆಯನ್ನೂ ಸೇರಿಸಿ. ಎಷ್ಟು ಗಂಟೆಗೆ ಹೋಯಿತು, ಎಷ್ಟಕ್ಕೆ ಬಂತು ಎಂದು ಗಿರಣಿಯ ಆಪರೇಟರ್ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಸಾಕು. ಉಪವಿಭಾಗ ಮಟ್ಟದಲ್ಲಿ 3 ತಿಂಗಳಿಗೊಮ್ಮೆ ಗ್ರಾಹಕರ ಸಂವಾದ ಸಭೆ ನಡೆಸಬೇಕು ಎಂದು ಆಯೋಗ ಕಂಪನಿಗಳಿಗೆ ನಿರ್ದೇಶನ ಕೊಟ್ಟಿದೆ. ಆ ಸಭೆಗೆ ಹೋಗಿ ಕಡಿತದ ದೂರನ್ನು ಲಿಖಿತವಾಗಿ ಕೊಟ್ಟು ಬಂದರೆ ಜನವರಿಯಲ್ಲಿ ಅದು ಗಟ್ಟಿ ಸಾಕ್ಷ್ಯ. ಸಭೆಯೇ ನಡೆಯದಿದ್ದರೆ ಅದನ್ನೂ ಆಕ್ಷೇಪಣೆಯಲ್ಲಿ ಬರೆಯಿರಿ.

ಕೊನೆಯಲ್ಲಿ ಏನು ಬೇಕು ಎಂದು ಒಂದೆರಡು ವಾಕ್ಯದಲ್ಲಿ ಕೇಳಿ. "ನ್ಯಾಯ ಒದಗಿಸಿ" ಎಂದರೆ ಸಾಲದು. "ಹಂಗಾಮು ಇಲ್ಲದ ತಿಂಗಳುಗಳಲ್ಲಿ ನಿಗದಿತ ಶುಲ್ಕದ ಏರಿಕೆಯನ್ನು ಕೈಬಿಡಬೇಕು" ಎಂದು ಬರೆದರೆ ಆಯೋಗ ಹೌದು ಅಥವಾ ಇಲ್ಲ ಎನ್ನಲೇಬೇಕು. ಕನ್ನಡದಲ್ಲೇ ಬರೆಯಿರಿ. ಪ್ರಮಾಣಪತ್ರ ಬೇಕೇ, ಎಷ್ಟು ಪ್ರತಿ, ಯಾವ ವಿಳಾಸಕ್ಕೆ ಎಂಬುದೆಲ್ಲ ಪ್ರಕಟಣೆಯಲ್ಲಿರುತ್ತದೆ. ಒಂದು ಪ್ರತಿ ಜೆಸ್ಕಾಂಗೂ ಹೋಗಬೇಕು. ವಿಚಾರಣೆಯಲ್ಲಿ ಖುದ್ದಾಗಿ ಮಾತನಾಡಬೇಕೆಂದಿದ್ದರೆ ಅದನ್ನೂ ಪತ್ರದಲ್ಲೇ ತಿಳಿಸಿ. ಅಂಚೆಯಲ್ಲಿ ಕಳಿಸುವುದಾದರೆ ಕೊನೆಯ ದಿನಕ್ಕೆ ಕಾಯದೆ ಒಂದು ವಾರ ಮೊದಲೇ ಸ್ಪೀಡ್ ಪೋಸ್ಟ್ ಮಾಡಿ.

ನಿಮ್ಮ ತಕರಾರು ದರದ ಬಗ್ಗೆ ಇಲ್ಲದೆ ನಿಮಗೆ ಹಾಕಿದ ಬಿಲ್ಲಿನ ತಪ್ಪಿನ ಬಗ್ಗೆ ಇದ್ದರೆ, ಅಂದರೆ ತಪ್ಪು ವರ್ಗಕ್ಕೆ ಸೇರಿಸಿದ್ದು, ಕೆಟ್ಟ ಮೀಟರಿನ ಓದು ಇಂಥದ್ದು, ಈ ದಾರಿ ಬೇಡ. ಅದಕ್ಕೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ, ಅದರ ಮೇಲೆ ಮೇಲ್ಮನವಿ ಕೇಳುವ ಒಂಬುಡ್ಸ್‌ಮನ್ ಇದ್ದಾರೆ. ಅಲ್ಲಿಗೆ ಹಂಗಾಮಿನ ಕಟ್ಟಿಲ್ಲ.

ಕಲಬುರಗಿಯ ವಿಚಾರಣೆ

ಜೆಸ್ಕಾಂನ ಸಾರ್ವಜನಿಕ ವಿಚಾರಣೆ ಸಾಮಾನ್ಯವಾಗಿ ಕಲಬುರಗಿಯಲ್ಲಿ ನಡೆಯುತ್ತದೆ. ರಾಯಚೂರಿನಿಂದ ಬೆಳಗಿನ ರೈಲು ಹಿಡಿದು ಹೋಗಬಹುದು. ಸಿರುಗುಪ್ಪ, ಕಾರಟಗಿಯವರು ಹಿಂದಿನ ರಾತ್ರಿಯೇ ಹೊರಡಬೇಕು. ಬಳ್ಳಾರಿ, ಕೊಪ್ಪಳದಷ್ಟು ಉದ್ಯಮವಿರುವ ಜಿಲ್ಲೆಗಳವರನ್ನು ಅಷ್ಟು ದೂರ ಕರೆಸುವುದು ಸರಿಯಲ್ಲ. ತುಂಗಭದ್ರೆಯ ಈ ಭಾಗದಲ್ಲೂ ಒಂದು ವಿಚಾರಣೆ ನಡೆಸಬೇಕು ಎಂಬ ಬೇಡಿಕೆಯನ್ನು ನಾನು ಬರೆಯುವ ಪ್ರತಿ ಆಕ್ಷೇಪಣೆಯ ಕೊನೆಯಲ್ಲಿ ಸೇರಿಸುತ್ತೇನೆ. ನೀವೂ ಸೇರಿಸಿ.

ಅಲ್ಲಿ ಮಾತಿಗೆ ಸಿಗುವುದು ಕೆಲವೇ ನಿಮಿಷ. ಬರೆದದ್ದನ್ನೆಲ್ಲ ಓದಬೇಡಿ, ಅದು ಆಯೋಗದ ಮುಂದೆ ಈಗಾಗಲೇ ಇದೆ. ನಿಮ್ಮ ಆಕ್ಷೇಪಣೆಗೆ ಜೆಸ್ಕಾಂ ಲಿಖಿತ ಉತ್ತರ ಕೊಟ್ಟಿರುತ್ತದೆ. ಆ ಉತ್ತರದಲ್ಲಿ ಎಲ್ಲಿ ಜಾರಿಕೊಂಡಿದ್ದಾರೆ ಎಂಬುದನ್ನು ಮಾತ್ರ ಹೇಳಿ. ಒಂದೇ ಊರಿನ ಹತ್ತು ಗಿರಣಿಯವರು ಹತ್ತು ಸಲ ಅದೇ ಮಾತು ಹೇಳುವ ಬದಲು, ಒಬ್ಬರು ನಿಗದಿತ ಶುಲ್ಕ, ಒಬ್ಬರು ವಿತರಣಾ ನಷ್ಟ, ಒಬ್ಬರು ಕಡಿತದ ಲೆಕ್ಕ ಎಂದು ಹಂಚಿಕೊಂಡು ಬನ್ನಿ. ದಿನಗೂಲಿ ಬಿಟ್ಟು ಬಂದ ರೈತರು ಅದೇ ಸಭೆಯಲ್ಲಿ ರಾತ್ರಿ ಪಾಳಿಯ ತ್ರೀಫೇಸ್ ಕರೆಂಟಿನ ಬಗ್ಗೆ ಮಾತನಾಡುತ್ತಾರೆ. ಅವರ ಮಾತನ್ನೂ ಕುಳಿತು ಕೇಳಿ, ನಮ್ಮ ಗಿರಣಿಗೆ ಭತ್ತ ಬರುವುದು ಅವರ ಹೊಲದಿಂದ.

ಆದೇಶ ಬಂದ ಮೇಲೆ

ಆದೇಶದಲ್ಲಿ ಸಾರ್ವಜನಿಕರ ಆಕ್ಷೇಪಣೆಗೆಂದೇ ಒಂದು ಅಧ್ಯಾಯ ಇರುತ್ತದೆ. ಆಕ್ಷೇಪಣೆ, ಕಂಪನಿಯ ಉತ್ತರ, ಆಯೋಗದ ಅಭಿಪ್ರಾಯ. ಮೊದಲು ಅದನ್ನು ತೆರೆದು ನಿಮ್ಮ ಮಾತಿಗೆ ಏನಾಯಿತು ನೋಡಿ. ಆಯೋಗ "ಪರಿಶೀಲಿಸಿ ವರದಿ ಕೊಡಿ" ಎಂದು ಕಂಪನಿಗೆ ಹೇಳಿದ್ದರೆ ಆ ಪುಟವನ್ನು ಮುದ್ರಿಸಿಟ್ಟುಕೊಳ್ಳಿ. ಮುಂದಿನ ವರ್ಷದ ಆಕ್ಷೇಪಣೆ ಅಲ್ಲಿಂದಲೇ ಶುರುವಾಗಬೇಕು.

ಆದೇಶದ ವಿರುದ್ಧ ಹೋಗಬೇಕೆಂದರೆ ಎರಡು ದಾರಿ. ಕಣ್ಣಿಗೆ ಕಾಣುವ ಲೆಕ್ಕದ ತಪ್ಪು ಅಥವಾ ಆಗ ಸಿಗದಿದ್ದ ಹೊಸ ಸಾಕ್ಷ್ಯ ಇದ್ದರೆ ಆಯೋಗದ ಮುಂದೆಯೇ ಮರುಪರಿಶೀಲನಾ ಅರ್ಜಿ. ಇಲ್ಲವಾದರೆ ದೆಹಲಿಯ ಮೇಲ್ಮನವಿ ನ್ಯಾಯಮಂಡಳಿ, ವಿದ್ಯುಚ್ಛಕ್ತಿ ಕಾಯ್ದೆಯ ಕಲಂ 111ರಂತೆ ಆದೇಶದ ಪ್ರತಿ ಕೈಸೇರಿದ 45 ದಿನದೊಳಗೆ. ಅದು 180 ದಿನದಲ್ಲಿ ಇತ್ಯರ್ಥಕ್ಕೆ ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಅಲ್ಲಿಂದ ಸುಪ್ರೀಂ ಕೋರ್ಟಿಗೆ 60 ದಿನ, ಅದೂ ಕಾನೂನಿನ ಪ್ರಶ್ನೆಯ ಮೇಲೆ. ಒಂಟಿ ಗಿರಣಿಗೆ ಈ ಖರ್ಚು ನಿಲುಕದು, ಸಂಘದ ಮೂಲಕವೇ ಹೋಗಬೇಕು.

ಆದೇಶಕ್ಕಿಂತ ಮೇಲೆ ಇನ್ನೊಂದು ಪದರ ಇದೆ, ನಿಯಮಾವಳಿ. ದರವನ್ನು ಯಾವ ಸೂತ್ರದಿಂದ ಲೆಕ್ಕ ಹಾಕಬೇಕು, ಅವಧಿ ಎಷ್ಟು ವರ್ಷ ಎಂಬುದೆಲ್ಲ ಅದರಲ್ಲಿರುತ್ತದೆ. ಕಲಂ 181ರಂತೆ ಅದನ್ನು ಮಾಡುವ ಮೊದಲು ಕರಡು ಪ್ರಕಟಿಸಿ ಆಕ್ಷೇಪಣೆ ಕರೆಯಲೇಬೇಕು. ಒಮ್ಮೆ ನಿಯಮಾವಳಿ ಜಾರಿಗೆ ಬಂದರೆ ಅದನ್ನು ಮೇಲ್ಮನವಿ ನ್ಯಾಯಮಂಡಳಿಯಲ್ಲಿ ಪ್ರಶ್ನಿಸಲಾಗದು, ಹೈಕೋರ್ಟಿಗೇ ಹೋಗಬೇಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2010ರಲ್ಲಿ ಹೇಳಿದೆ. ಕರಡು ಯಾವ ತಿಂಗಳಲ್ಲಾದರೂ ಬರಬಹುದು. ಹಾಗಾಗಿ ಚಳಿಗಾಲದ ಹೊರಗೂ ತಿಂಗಳಿಗೊಮ್ಮೆ ಆಯೋಗದ ಜಾಲತಾಣ ನೋಡುವ ರೂಢಿ ಇರಲಿ.

ಮೂರು ವರ್ಷದ ಅವಧಿ

2025ರ ಮಾರ್ಚ್ 27ರ ಆದೇಶ ಒಂದೇ ವರ್ಷಕ್ಕಲ್ಲ, 2025–26ರಿಂದ 2027–28ರವರೆಗೆ 3 ವರ್ಷಕ್ಕೆ. ವಿದ್ಯುತ್ ಸಂಸ್ಥೆಗಳ ನೌಕರರ ಪಿಂಚಣಿ, ಗ್ರಾಚ್ಯುಟಿಗೆಂದು ಬಿಲ್ಲಿನಲ್ಲಿ ಸೇರಿಸಿದ ಮೇಲ್ತೆರಿಗೆಯೂ ಹಾಗೆಯೇ: ಮೊದಲ ವರ್ಷ ಯೂನಿಟ್‌ಗೆ 36 ಪೈಸೆ, ಎರಡನೇ ವರ್ಷ 35, ಮೂರನೇ ವರ್ಷ 34. ಗಿರಣಿ ವಿಸ್ತರಣೆಗೆ ಸಾಲ ತೆಗೆಯುವವರಿಗೆ ಇದರಿಂದ ಅನುಕೂಲವಿದೆ. ಬ್ಯಾಂಕಿಗೆ ಕೊಡುವ ಯೋಜನಾ ವರದಿಯಲ್ಲಿ ಕರೆಂಟಿನ ಖರ್ಚನ್ನು ಊಹೆಯ ಮೇಲೆ ಬರೆಯಬೇಕಾಗಿಲ್ಲ. ಆದರೆ ನಿಗದಿಯ ವರ್ಷದಲ್ಲಿ ಬಾಯಿ ತೆರೆಯದವರು 3 ವರ್ಷ ಅದರ ಫಲ ಉಣ್ಣಬೇಕು.

ನಡುವಿನ ವರ್ಷಗಳಲ್ಲಿ ಎಲ್ಲ ಮುಗಿಯಿತು ಎಂದಲ್ಲ. ಕಳೆದ ವರ್ಷ ಕಂಪನಿ ನಿಜವಾಗಿ ಎಷ್ಟು ಖರ್ಚು ಮಾಡಿತು ಎಂಬುದನ್ನು ಲೆಕ್ಕಪರಿಶೋಧನೆಯಾದ ದಾಖಲೆಗಳಿಂದ ಆಯೋಗ ಪರಿಶೀಲಿಸುತ್ತದೆ. ಕೊರತೆಯೋ ಹೆಚ್ಚಳವೋ ಮುಂದಿನ ದರಕ್ಕೆ ಸೇರುತ್ತದೆ. 2023–24ರ ಲೆಕ್ಕ ಬಗೆಹರಿದದ್ದು 2025ರ ಮಾರ್ಚ್ ಆದೇಶದಲ್ಲಿ. ಅಂದರೆ ಒಂದು ವರ್ಷದ ಖರ್ಚಿನ ಬಿಸಿ ಎರಡು ವರ್ಷ ಬಿಟ್ಟು ನಮ್ಮ ಬಿಲ್ಲಿಗೆ ತಟ್ಟುತ್ತದೆ. ಗಿರಣಿಯನ್ನು ಬೇರೆಯವರಿಂದ ಕೊಳ್ಳುವವರು, ಪಾಲುದಾರಿಕೆ ಮುರಿಯುವವರು ಈ ಮಾತನ್ನು ಕರಾರಿನಲ್ಲಿ ನೆನಪಿಟ್ಟುಕೊಳ್ಳಬೇಕು.

ಗಿಣಿಗೇರಾ ಸುತ್ತಿನ ಕಾರ್ಖಾನೆಗಳ ವಿಸ್ತರಣೆಯ ಬಗ್ಗೆ ಆತಂಕವಿರುವ ಕೊಪ್ಪಳದ ಓದುಗರಿಗೆ ಒಂದು ಮಾತು. ಪರಿಸರ ಅನುಮತಿಯ ಸಾರ್ವಜನಿಕ ಆಲಿಕೆಗೆ ಈ ಕ್ಯಾಲೆಂಡರ್ ಅನ್ವಯಿಸುವುದಿಲ್ಲ. 2006ರ ಅಧಿಸೂಚನೆಯಂತೆ ಅಲ್ಲಿ ಕನಿಷ್ಠ 30 ದಿನದ ಮುನ್ಸೂಚನೆ ಇರಬೇಕು, ಕಂಪನಿ ಕೋರಿದ 45 ದಿನದೊಳಗೆ ಆಲಿಕೆ ಮುಗಿಯಬೇಕು, ಅದು ವರ್ಷದ ಯಾವ ತಿಂಗಳಲ್ಲಾದರೂ ಬರಬಹುದು. ಲಿಖಿತ ಆಕ್ಷೇಪಣೆ ಬರೆಯುವ ಕ್ರಮ ಮಾತ್ರ ಇದೇ.

ಈಗ ಕ್ಯಾಲೆಂಡರಿಗೆ ಬನ್ನಿ. ಈಗಿನ ಅವಧಿ 2028ರ ಮಾರ್ಚ್ 31ಕ್ಕೆ ಮುಗಿಯುತ್ತದೆ. ಈಗಿನ ಪದ್ಧತಿಯೇ ಮುಂದುವರಿದರೆ ಮುಂದಿನ ಅವಧಿಯ ಅರ್ಜಿಗಳು 2027ರ ನವೆಂಬರ್ 30ರೊಳಗೆ ಆಯೋಗದ ಮುಂದೆ ಬರುತ್ತವೆ. ಅದಕ್ಕೆ ಬೇಕಾದ ಬಿಲ್ಲು, ಅರೆದ ಕ್ವಿಂಟಲ್‌ನ ಲೆಕ್ಕ, ಕಡಿತದ ನೋಟ್‌ಬುಕ್ ಈ ತಿಂಗಳಿಂದಲೇ ಒಂದು ಫೈಲಿಗೆ ಸೇರಬೇಕು. ಸಂಘದವರು ಆ ವರ್ಷದ ಅಕ್ಟೋಬರ್‌ನಲ್ಲಿ, ಭತ್ತ ಗಿರಣಿಗೆ ಬರುವ ಮೊದಲೇ, ಒಂದು ಸಭೆ ಕರೆದು ಯಾರು ಯಾವ ಪುಟ ಓದಬೇಕು ಎಂದು ಹಂಚಿಕೊಳ್ಳಲಿ. ಒಬ್ಬ ಗುಮಾಸ್ತನನ್ನು ಡಿಸೆಂಬರ್, ಜನವರಿಯಲ್ಲಿ ತೂಕದ ಕೆಲಸದಿಂದ ಬಿಡಿಸಿ ಇದಕ್ಕೇ ಕೂರಿಸಿ. ಅವನ ಎರಡು ತಿಂಗಳ ಸಂಬಳವನ್ನು ಎಲ್ಲ ಗಿರಣಿಗಳೂ ಸೇರಿ ಕೊಟ್ಟರೆ ಯಾರಿಗೂ ಭಾರವಾಗದು.